‘ಗರ್ಭಕಂಠ’, ‘ತಪಾಸಣೆ’, ‘ಪಾಸಿಟಿವ್’: ಕರಪತ್ರಕ್ಕೆ ಯಾವ ಪದ ಹಾಕೋಣ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಸರ್ವೈಕಲ್ ಕ್ಯಾನ್ಸರ್ (ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್) ಸ್ಕ್ರೀನಿಂಗ್ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. 30ರಿಂದ 65 ವರ್ಷದ ಹೆಂಗಸರೆಲ್ಲ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಮಾಡಿಸಿದವರು ಮಾತ್ರ ತೀರಾ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ ಇಬ್ಬರೂ ಸರಿಯಾಗಿ ಸಿಗುವುದಿಲ್ಲ. ಇದಕ್ಕೆ ಕಾರಣ ಹತ್ತಾರು ಇವೆ. ನಾವು ಬಳಸುವ ಮಾತೂ ಅದರಲ್ಲಿ ಒಂದು ಅಂತ ನನಗೆ ಬಲವಾಗಿ ಅನ್ನಿಸಿದೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಗರ್ಭಕಂಠ’. ಲ್ಯಾಟಿನ್‌ನಲ್ಲಿ ಸರ್ವಿಕ್ಸ್ ಎಂದರೆ ಕುತ್ತಿಗೆ. ಹಿಂದಿಯವರು ಅದನ್ನು ‘ಗ್ರೀವಾ’ ಮಾಡಿಕೊಂಡರು, ನಾವು ‘ಕಂಠ’ ಮಾಡಿಕೊಂಡೆವು. ಪತ್ರಿಕೆಗಳಲ್ಲಿ ಈ ಪದ ನೆಲೆ ನಿಂತಿದೆ. ಆದರೆ ಕಂಠ ಅಂದ ಕೂಡಲೇ ಜನರಿಗೆ ಹೊಳೆಯುವುದು ಗಂಟಲು, ಇಲ್ಲವೇ ಹಾಡುವ ದನಿ. ಇನ್ನೊಂದು ತೊಡಕು ‘ಗರ್ಭ’ದ್ದು. ಐವತ್ತು ದಾಟಿದವರು ‘ನನಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು, ಇನ್ನೆಲ್ಲಿ ಗರ್ಭದ ಮಾತು’ ಅಂತ ಪರೀಕ್ಷೆಗೆ ಕರೆದ ಚೀಟಿಯನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಾರೆ. ಪರೀಕ್ಷೆ ಅತ್ತೆಗೂ ಬೇಕು.

ನನಗೆ ಹಿಡಿಸಿದ್ದು ‘ಗರ್ಭಕೋಶದ ಬಾಯಿ’. ಇದು ಹೊಸದಾಗಿ ಕಟ್ಟಿದ ಪದ ಅಲ್ಲ. ಹೆರಿಗೆ ವಾರ್ಡಿನಲ್ಲಿ ‘ಬಾಯಿ ಇನ್ನೂ ತೆರೆದಿಲ್ಲ’, ‘ಎರಡು ಬೆರಳು ತೆರೆದಿದೆ’ ಅನ್ನುವ ಮಾತು ಹೆತ್ತವರಿಗೆಲ್ಲ ಗೊತ್ತು. ಯಾವ ಜಾಗ ಅಂತ ಬೇರೆ ವಿವರಿಸಬೇಕಾಗಿಯೇ ಇಲ್ಲ. ಆದರೆ ಇಲ್ಲೊಂದು ಗಂಟು ಇದೆ. ಸರ್ಕಾರದ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರ್‌ಗಳನ್ನು ಒಟ್ಟಿಗೇ ನೋಡುತ್ತಾರೆ. ಒಂದೇ ಹಾಳೆಯಲ್ಲಿ ಮೇಲೆ ‘ಬಾಯಿ ಕ್ಯಾನ್ಸರ್’, ಕೆಳಗೆ ‘ಗರ್ಭಕೋಶದ ಬಾಯಿ ಕ್ಯಾನ್ಸರ್’ ಅಂತ ಬಂದರೆ? ತಂಬಾಕು ಹಾಕದವರು ಎರಡೂ ನನಗಲ್ಲ ಅಂದುಕೊಂಡಾರು. ‘ಗರ್ಭಕೋಶದ ಕೊರಳು’ ಅನ್ನೋಣವೆಂದರೆ ಮತ್ತೆ ಗಂಟಲಿನ ಹತ್ತಿರವೇ ಬಂದೆವು. ಉತ್ತರ ಕರ್ನಾಟಕದಲ್ಲಿ ‘ಗರ್ಭಚೀಲ’ ಜಾಸ್ತಿ ಬಳಕೆಯಲ್ಲಿದೆ. ಅಲ್ಲಿ ‘ಚೀಲದ ಬಾಯಿ’ ಅಂತಲೂ ಹೇಳುತ್ತಾರಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ. ಕರಾವಳಿಯ ಕನ್ನಡದಲ್ಲಿ ಬೇರೆ ಪದ ಇದ್ದರೆ ಅದೂ ಬೇಕು.

ಎರಡನೆಯದು ‘ತಪಾಸಣೆ’. ನನಗೆ ಹೆಚ್ಚು ಚಿಂತೆ ಇದರದ್ದೇ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಹೋಗಿ ‘ಅಕ್ಕಾ, ಗುರುವಾರ ಬಂದು ಕ್ಯಾನ್ಸರ್ ತಪಾಸಣೆ ಮಾಡಿಸ್ಕೊಳ್ಳಿ’ ಅಂದರೆ, ‘ನನಗೇನಾಗಿದೆಯಮ್ಮ? ಯಾರು ಹೇಳಿದ್ರು ನಿನಗೆ?’ ಅನ್ನುವ ಉತ್ತರ ಬರುತ್ತದೆ. ಆ ಉತ್ತರದಲ್ಲಿ ತಪ್ಪಿಲ್ಲ. ಕನ್ನಡದಲ್ಲಿ ತಪಾಸಣೆ ಎಂದರೆ ಏನೋ ಅನುಮಾನ ಬಂದಾಗ ಮಾಡುವುದು. ಪೊಲೀಸರು ವಾಹನ ತಪಾಸಣೆ ಮಾಡುತ್ತಾರೆ, ಅಧಿಕಾರಿ ಲೆಕ್ಕ ತಪಾಸಣೆ ಮಾಡುತ್ತಾರೆ. ಸ್ಕ್ರೀನಿಂಗ್ ಇದಕ್ಕೆ ತಿರುಗಾಮುರುಗ. ಯಾವ ತೊಂದರೆಯೂ ಇಲ್ಲದ, ಗಟ್ಟಿಮುಟ್ಟಾಗಿರುವ ಹೆಂಗಸೇ ಇಲ್ಲಿ ಬರಬೇಕಾದವಳು. ವಾಸನೆಯ ಬಿಳಿ ಹೋಗುವುದು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಗಂಡನೊಡನೆ ಕೂಡಿದ ಮೇಲೆ ರಕ್ತ ಬರುವುದು, ಇವು ಇದ್ದರೆ ಶಿಬಿರಕ್ಕೆ ಕಾಯದೆ ನೇರ ಡಾಕ್ಟರ ಹತ್ತಿರ ಹೋಗಬೇಕು. ಈ ಎರಡನ್ನೂ ‘ತಪಾಸಣೆ’ ಎಂಬ ಒಂದೇ ಪದದಲ್ಲಿ ತುರುಕಿದರೆ, ಲಕ್ಷಣ ಕಾಣುವವರೆಗೆ ಯಾರೂ ಬರುವುದಿಲ್ಲ.

‘ಸೋಸುವಿಕೆ’, ‘ಜರಡಿ ಪರೀಕ್ಷೆ’ ಅಂತ ಕೆಲವರು ಸೂಚಿಸಿದ್ದಾರೆ. ಮೂಲದ ಅರ್ಥಕ್ಕೆ ಹತ್ತಿರ, ನಿಜ. ಆದರೆ ಮನುಷ್ಯರನ್ನು ಸೋಸುವುದು ಕಿವಿಗೆ ಒರಟು. ನನ್ನ ಒಲವು ‘ಚೆಕಪ್’ ಕಡೆಗಿದೆ. ‘ಬಿಪಿ ಚೆಕ್ ಮಾಡಿಸಿದೆ’, ‘ಶುಗರ್ ಚೆಕ್ ಮಾಡಿಸಬೇಕು’ ಅಂತ ಆರೋಗ್ಯವಾಗಿರುವವರೂ ದಿನಾ ಹೇಳುತ್ತಾರೆ. ಬಸುರಿಯರು ತಿಂಗಳ ಚೆಕಪ್‌ಗೆ ಹೋಗುತ್ತಾರೆ, ಅವರನ್ನು ಯಾರೂ ಕಾಯಿಲೆಯವರು ಅನ್ನುವುದಿಲ್ಲ. ಕನ್ನಡದ್ದೇ ಬೇಕೆಂದರೆ ‘ಮುಂಚೆಯೇ ನೋಡಿಸಿಕೊಳ್ಳುವುದು’. ಉದ್ದವಾಯಿತು, ಅಲ್ವಾ? ಇಷ್ಟೇ ಅರ್ಥ ಕೊಡುವ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ?

‘ನಿಯಮಿತವಾಗಿ’ ಪದವನ್ನು ಕೈಬಿಟ್ಟಿದ್ದೇನೆ. ಸಹಕಾರ ಸಂಘದ ಬೋರ್ಡಿನಲ್ಲಿ ‘ನಿಯಮಿತ’ (ಲಿಮಿಟೆಡ್) ಓದಿದವರಿಗೆ ಅದು ಬೇರೆಯದೇ ಅರ್ಥ ಕೊಡುತ್ತದೆ. ‘ಐದು ವರ್ಷಕ್ಕೊಮ್ಮೆ’ ಅಂತ ನೇರವಾಗಿ ಬರೆದರೆ ಮುಗಿಯಿತು.

ಪರೀಕ್ಷೆಯನ್ನು ವರ್ಣಿಸುವಾಗಲೂ ಎಚ್ಚರ ಬೇಕು. ನಮ್ಮಲ್ಲಿ ಹೆಚ್ಚಾಗಿ ಮಾಡುವುದು ವಿಐಎ, ಅಂದರೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ. ಮಂಚದ ಮೇಲೆ ಕಾಲು ಮಡಿಸಿ ಮಲಗಬೇಕು. ಸಿಸ್ಟರ್ ಸ್ಪೆಕ್ಯುಲಮ್ (ಒಳಗೆ ಕಾಣುವಂತೆ ಅಗಲಿಸುವ ಸಾಧನ) ಒಳಗಿಟ್ಟು, ಲೈಟು ಹಿಡಿದು, ಹತ್ತಿಯಲ್ಲಿ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಜೀವಕೋಶ ಕೆಡಲು ಶುರುವಾಗಿದ್ದರೆ ಆ ಜಾಗ ಬೆಳ್ಳಗಾಗಿ ಬರಿಗಣ್ಣಿಗೇ ಕಾಣುತ್ತದೆ. ದ್ರಾವಣ ನೂರಕ್ಕೆ 3ರಿಂದ 5 ಭಾಗದ್ದು, ಅಂದರೆ ಅಡುಗೆಯ ವಿನೆಗರ್‌ನಷ್ಟೇ. ‘ಆಸಿಡ್ ಹಚ್ಚುತ್ತಾರೆ’ ಅಂತ ಮಾತ್ರ ಯಾರೂ ಬರೆಯಬಾರದು. ಆಸಿಡ್ ಅಂದರೆ ಜನರ ಕಣ್ಣಮುಂದೆ ಬರುವುದು ಸುಟ್ಟ ಮುಖ. ‘ಗೋಬಿಗೆ ಹಾಕುವ ವಿನೆಗರ್’ ಅಂದರೆ ಹಳ್ಳಿಯಲ್ಲೂ ಗೊತ್ತಾಗುತ್ತದೆ. ಸುಲಭದ ಮಾತಿನಲ್ಲಿ ಹೇಳಿದರೆ ವಿಜ್ಞಾನ ಕೆಡುವುದಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಹತ್ತನೇ ತರಗತಿ ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ಇದೇ ಪರೀಕ್ಷೆ ಮಾಡಿಸಿದರು. ಈ ಕ್ಯಾನ್ಸರ್‌ನಿಂದಾಗುವ ಸಾವು ಶೇ. 31ರಷ್ಟು ತಗ್ಗಿತು ಅಂತ 2013ರಲ್ಲಿ ಪ್ರಕಟಿಸಿದರು.

ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ‘ಪ್ಯಾಪ್ ಸ್ಮಿಯರ್’ ಅನ್ನು ‘ಪ್ಯಾಪ್ ಟೆಸ್ಟ್’ ಅಂತಲೇ ಇಟ್ಟಿದ್ದೇನೆ. ಪ್ಯಾಪ್ ಎನ್ನುವುದು ಪಾಪನಿಕೊಲಾವ್ ಎಂಬ ಗ್ರೀಕ್ ಮೂಲದ ವೈದ್ಯರ ಹೆಸರಿನ ತುಂಡು. ಅದನ್ನು ಅನುವಾದಿಸುವ ಪ್ರಶ್ನೆಯೇ ಇಲ್ಲ. ಸ್ಮಿಯರ್‌ಗೆ ‘ಲೇಪ’ ಅಂದರೆ ಏನೋ ಮದ್ದು ಬಳಿಯುತ್ತಾರೆ ಅನ್ನಿಸುತ್ತದೆ. ಇಲ್ಲಿ ಮಾಡುವುದು ಒಳಗಿನಿಂದ ಒರೆಸಿ ತೆಗೆಯುವುದು.

ಈ ಕ್ಯಾನ್ಸರ್ ತರುವ ಎಚ್‌ಪಿವಿಗೆ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ‘ನರಹುಲಿ ವೈರಸ್’ ಅಂತ ಒಬ್ಬರು ಚೆಂದದ ಪದ ಕೊಟ್ಟರು. ಪ್ಯಾಪಿಲೋಮಾ ಪದಕ್ಕೆ ಒಪ್ಪುತ್ತದೆ, ಆದರೆ ನಾನು ಒಪ್ಪಲಾರೆ. ಈ ಕ್ಯಾನ್ಸರ್‌ನಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಕಾರಣ 16 ಮತ್ತು 18ನೇ ಬಗೆಯ ವೈರಸ್. ಗುಪ್ತಾಂಗದಲ್ಲಿ ನರಹುಲಿ ಏಳಿಸುವುದು ಹೆಚ್ಚಾಗಿ 6 ಮತ್ತು 11. ಆ ಹೆಸರಿಟ್ಟರೆ ‘ನನಗೆ ನರಹುಲಿ ಇಲ್ಲ, ಹಾಗಾಗಿ ಭಯವಿಲ್ಲ’ ಅಂತಾಗುತ್ತದೆ. ‘ಲೈಂಗಿಕ ರೋಗ’ ಅಂತಲೂ ಬರೆಯಲಾರೆ. ಆ ಪದ ಹೆಂಗಸಿನ ನಡತೆಯ ಮೇಲೆ ಬೊಟ್ಟು ಮಾಡುತ್ತದೆ. ಮದುವೆಯಾದ, ಒಬ್ಬನೇ ಗಂಡನ ಜೊತೆ ಬಾಳಿದ ಹೆಂಗಸಿಗೂ ಈ ವೈರಸ್ ತಗಲುತ್ತದೆ. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ‘ಗಂಡು ಹೆಣ್ಣು ಕೂಡುವಾಗ ತಗಲುವ, ಬಹಳ ಜನರಲ್ಲಿರುವ ವೈರಸ್’ ಅಂತ ಬರೆದಿದ್ದೇನೆ. ಇದಕ್ಕಿಂತ ಹದವಾದ ಮಾತು ಇದ್ದರೆ ಕೊಡಿ.

ಕೊನೆಯದು ‘ಪಾಸಿಟಿವ್’. ಕೊರೋನಾ ಬಂದು ಹೋದ ಮೇಲೆ ಪಾಸಿಟಿವ್ ಅಂದರೆ ಕಾಯಿಲೆ ಬಂದಾಯಿತು ಅಂತಲೇ ಅರ್ಥ. ವಿಐಎ ಪಾಸಿಟಿವ್ ಅಂದರೆ ಹಾಗಲ್ಲ. ಬಿಳಿ ಕಲೆ ಕಂಡಿದೆ, ಕಾಲ್ಪೋಸ್ಕೋಪ್ (ಆ ಜಾಗವನ್ನು ದೊಡ್ಡದಾಗಿ ತೋರಿಸುವ ಸಾಧನ) ಇರುವ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಸರಿಯಾಗಿ ನೋಡಬೇಕು, ಅಷ್ಟೇ. ಆಮೇಲೂ ಸಿಗುವುದು ಹಲವು ಸಲ ‘ಕ್ಯಾನ್ಸರ್ ಪೂರ್ವ ಹಂತ’. ಈ ಪದಗುಚ್ಛದಲ್ಲಿ ಜನರ ಕಿವಿಗೆ ಬೀಳುವುದು ಮೊದಲ ಪದ ಮಾತ್ರ. ಎಚ್‌ಪಿವಿ ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಆ ನಡುವೆ ಸಿಕ್ಕಿದ್ದನ್ನು ಗರ್ಭಕೋಶ ತೆಗೆಯದೆಯೇ, ಬಿಸಿ ತಾಗಿಸಿಯೋ ತಣ್ಣಗೆ ಹೆಪ್ಪುಗಟ್ಟಿಸಿಯೋ ಸರಿಮಾಡಬಹುದು. ‘ಇನ್ನೂ ಕ್ಯಾನ್ಸರ್ ಆಗಿಲ್ಲ, ಈಗಲೇ ನಿಲ್ಲಿಸಬಹುದು’ ಅನ್ನುವ ಅರ್ಥ ಒಂದೆರಡು ಪದದಲ್ಲಿ ಬರಬೇಕು. ‘ಕೆಡಲು ಶುರುವಾದ ಜಾಗ’ ಅಂತ ಸದ್ಯಕ್ಕೆ ಹಾಕಿದ್ದೇನೆ, ಅದು ಸಾಲದು. ‘ಪಾಸಿಟಿವ್’ ಬದಲು ಚೀಟಿಯಲ್ಲಿ ‘ಇನ್ನೊಮ್ಮೆ ನೋಡಬೇಕು’ ಅಂತ ಬರೆದರೆ ವೈದ್ಯರಿಗೆ ಗೊಂದಲವಾಗುತ್ತದೆಯೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ನೀವು ಹೆಂಗಸರ ಎದುರು ಬಾಯಿಮಾತಿನಲ್ಲಿ ಏನು ಹೇಳುತ್ತೀರೋ ಅದನ್ನೇ ಇಲ್ಲಿ ಬರೆಯಿರಿ. ಕರಪತ್ರ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು.