ಸಹಾಯ ಬೇಕು: ಬ್ರಿಟನ್–ರಷ್ಯಾ ಪೈಪೋಟಿಯನ್ನು ಅಫ್ಘನ್ನರು ಹೇಗೆ ಕಂಡರು?

ಇತಿಹಾಸ ಬಲ್ಲವರಲ್ಲಿ ಒಂದು ವಿನಂತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಮೇಲೆ ಹಿಡಿತ ಸಾಧಿಸಲು ಬ್ರಿಟನ್ ಮತ್ತು ರಷ್ಯಾ ನಡೆಸಿದ ಪೈಪೋಟಿಯ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಸಿಕ್ಕಿದ್ದೆಲ್ಲವೂ ಲಂಡನ್ ಇಲ್ಲವೇ ಸೇಂಟ್ ಪೀಟರ್ಸ್‌ಬರ್ಗ್‌ನ ಕಿಟಕಿಯಿಂದ ಕಂಡದ್ದು. ನಡುವೆ ಸಿಕ್ಕಿಕೊಂಡವರ ಮಾತೇ ಇಲ್ಲ.

ಅಫ್ಘಾನಿಸ್ತಾನದ ಉತ್ತರ ಗಡಿಯ ಪಂಜ್‌ದೇಹ್‌ನಲ್ಲಿ 1885ರಲ್ಲಿ ನಡೆದ ಪ್ರಕರಣವನ್ನೇ ನೋಡಿ. ಹಿಂದಿನ ವರ್ಷ ಇಂದಿನ ತುರ್ಕಮೆನಿಸ್ತಾನದಲ್ಲಿರುವ ಮೆರ್ವ್ ಅನ್ನು ವಶಪಡಿಸಿಕೊಂಡಿದ್ದ ರಷ್ಯಾ, ಇಲ್ಲಿ ಅಫ್ಘನ್ ಪಡೆಯನ್ನು ಸೋಲಿಸಿತು. ಸತ್ತವರು ಬಹುಪಾಲು ಅಫ್ಘನ್ನರು. ಯುದ್ಧ ಸಿದ್ಧತೆಯ ಗದ್ದಲ ಎದ್ದದ್ದು ಲಂಡನ್ನಿನಲ್ಲಿ! ಆ ಹೊತ್ತಿಗೆ ಅಫ್ಘಾನಿಸ್ತಾನದ ದೊರೆ ಅಮೀರ್ ಅಬ್ದುರ್ ರಹಮಾನ್ ಖಾನ್ ರಾವಲ್ಪಿಂಡಿಯಲ್ಲಿ ವೈಸರಾಯ್ ಡಫರಿನ್‌ನ ಅತಿಥಿಯಾಗಿದ್ದ. ಸುದ್ದಿಯನ್ನು ಅವನು ಶಾಂತವಾಗಿಯೇ ತೆಗೆದುಕೊಂಡ ಎನ್ನುತ್ತಾರೆ. ಅದು ಜಾಣತನವೋ, ಅಸಹಾಯಕತೆಯೋ? ನನಗೆ ಮೊದಲನೆಯದೇ ಎನಿಸುತ್ತದೆ, ಆದರೆ ಆಧಾರ ಬೇಕು.

ಅಫ್ಘಾನಿಸ್ತಾನದ ಈಶಾನ್ಯ ತುದಿಯ ವಾಖಾನ್ ಪಟ್ಟಿಯದೂ ಇದೇ ಕಥೆ. ಎರಡು ಸಾಮ್ರಾಜ್ಯಗಳ ಗಡಿ ಒಂದಕ್ಕೊಂದು ತಾಗಬಾರದೆಂದು 1895ರ ಪಾಮಿರ್ ಒಪ್ಪಂದದಲ್ಲಿ ಆ ಕಿರಿದಾದ ಜಾಗವನ್ನು ಅಫ್ಘಾನಿಸ್ತಾನಕ್ಕೆ ಬಿಟ್ಟರು. ಅಲ್ಲಿ ಬದುಕುತ್ತಿದ್ದ ವಾಖಿ ಮತ್ತು ಕಿರ್ಗಿಜ್ ಜನರಿಗೆ ಇದರಿಂದ ಏನಾಯಿತು? ಬ್ರಿಟನ್–ರಷ್ಯಾ ನಡುವಿನ 1907ರ ಒಪ್ಪಂದವಂತೂ ಪರ್ಷಿಯಾವನ್ನು (ಇಂದಿನ ಇರಾನ್) ಅದರ ಸರ್ಕಾರವನ್ನೇ ಕೇಳದೆ ಪ್ರಭಾವ ವಲಯಗಳಾಗಿ ಹಂಚಿತು. ಅದರ ಬಗ್ಗೆ ಸಾಕಷ್ಟು ಓದು ಸಿಕ್ಕಿದೆ, ಸದ್ಯಕ್ಕೆ ಬೇಡ.

ಪರ್ಷಿಯನ್ ಅಥವಾ ಪಷ್ತೋ ಮೂಲಗಳ ಇಂಗ್ಲಿಷ್ ಅನುವಾದ ಇದ್ದರೂ ಸಾಕು, ಕನ್ನಡದಲ್ಲಿದ್ದರೆ ಇನ್ನೂ ಸಂತೋಷ. ಪಾಮಿರ್ ಗಡಿಯ ಹಳೆಯ ನಕ್ಷೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ಹಾಕಿ.