ಪದ ಬೇಕು: ಲಿಂಕೇಜ್ ಮ್ಯಾಪ್ (ನಾಳೆ ಬೆಳಗ್ಗೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಫಲಕವೊಂದಕ್ಕೆ ‘ಲಿಂಕೇಜ್ ಮ್ಯಾಪ್’ ಅನ್ನುವುದಕ್ಕೆ ಕನ್ನಡ ಪದ ಬೇಕು. ತಳಿವಿಜ್ಞಾನಿ ಮಾರ್ಗನ್ ಅವರ ಶಿಷ್ಯ ಸ್ಟರ್ಟೆವಂಟ್ 1913ರಲ್ಲಿ ಹಣ್ಣುನೊಣದ ಎಕ್ಸ್ ಕ್ರೋಮೋಸೋಮಿನ ಜೀನುಗಳನ್ನು ಸಾಲಾಗಿ ಕೂರಿಸಿ ತೋರಿಸಿದರಲ್ಲ, ಅದರ ಚಿತ್ರ. ‘ಕೊಂಡಿ ನಕ್ಷೆ’ ಅಂತ ಬರೆದಿದ್ದೇನೆ. ಸಮಾಧಾನವಿಲ್ಲ. ಅಳತೆಗೆ ‘ದೂರ’ ಅಂದರೆ ಸಾಕಾ?

ಮರು:
ಕೊಂಡಿ ತಪ್ಪು. ಜೀನುಗಳು ಒಂದಕ್ಕೊಂದು ಸಿಕ್ಕಿಕೊಂಡಿಲ್ಲ. ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಇರುವುದರಿಂದ ಜೊತೆಯಾಗಿ ಮುಂದಿನ ಪೀಳಿಗೆಗೆ ಹೋಗುತ್ತವೆ. ಒಡಹುಟ್ಟು, ಒಡನಾಟದ ‘ಒಡ’ ಇಲ್ಲಿ ಬರಬೇಕು. ‘ಒಡನಂಟು’ ಅನ್ನಿ.

ಇನ್ನು ದೂರ. ಇಲ್ಲಿ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ ಮೇಡಂ. ಎರಡು ಜೀನುಗಳು ಎಷ್ಟು ಸಲ ಬೇರೆಯಾದವು ಅಂತ ಎಣಿಸುತ್ತಾರೆ. ನೂರರಲ್ಲಿ ಒಂದು ಸಲ ಅಂದರೆ ಒಂದು ಸೆಂಟಿಮಾರ್ಗನ್. ಈಗ ನಮ್ಮ ಮಾತನ್ನೇ ನೋಡಿ. ಅಗಲು ಅಂದರೆ ಬೇರೆಯಾಗು. ಅಗಲ ಅಂದರೆ ಹರವು. ಎರಡಕ್ಕೂ ಬೇರು ಒಂದೇ, ತಮಿಳಿನಲ್ಲೂ ಹಾಗೇ. ಅಗಲಿದ್ದನ್ನು ಎಣಿಸಿ ಅಗಲ ಕಂಡುಹಿಡಿಯುವ ಕೆಲಸಕ್ಕೆ ‘ಅಗಲಳತೆ’ಗಿಂತ ಒಪ್ಪುವ ಪದ ಯಾವುದಿದೆ?

ಮರು:
ಅಗಲಳತೆ ಬೇಡವೇ ಬೇಡ. ಓದುವವರಿಗೆ ಉದ್ದ-ಅಗಲದ ಅಗಲವೇ ನೆನಪಾಗುತ್ತದೆ. ಲೆಕ್ಕವೂ ಕೂಡುವುದಿಲ್ಲ. ಅಗಲಿದ ಪ್ರಮಾಣ ನೂರಕ್ಕೆ 50 ದಾಟದು, ನಕ್ಷೆಯ ದೂರ 100 ಸೆಂಟಿಮಾರ್ಗನ್ ದಾಟಬಹುದು. ಜೀನುಗಳು ಅಗಲುವುದು ಜೋಡಿ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾದಾಗ. ನಡುವೆ ಎರಡು ಸಲ ಹಾಗಾದರೆ ತುದಿಯ ಜೀನುಗಳು ಮತ್ತೆ ಜೊತೆಯಾಗಿಯೇ ಕಾಣುತ್ತವೆ, ಎಣಿಕೆಗೆ ಸಿಗುವುದಿಲ್ಲ. ಅದಕ್ಕೇ ಚಿಕ್ಕ ಚಿಕ್ಕ ದೂರಗಳನ್ನು ಅಳೆದು ಕೂಡಿಸುತ್ತಾರೆ. ಜೀನುಗಳ ಕ್ರಮ ತಿಳಿಯುವುದೂ ಈ ಎರಡು ಸಲದ ಅದಲುಬದಲಿನಿಂದಲೇ. ಮೂರು ಜೀನುಗಳನ್ನು ಒಟ್ಟಿಗೆ ನೋಡಿದಾಗ ಮರಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಸಿಗುವ ಗುಂಪನ್ನು ಎಲ್ಲಕ್ಕಿಂತ ಜಾಸ್ತಿ ಸಿಗುವ ಗುಂಪಿನ ಜೊತೆ ಹೋಲಿಸಿ. ಅಲ್ಲಿ ಒಂಟಿಯಾಗಿ ಜಾಗ ಬದಲಿಸಿದ ಜೀನೇ ನಡುವಿನದು.

ದೂರ ಇರಲಿ. ಲಿಂಕೇಜ್ ಕೂಡ ಹಾಗೇ ಇರಲಿ. ಕ್ರೋಮೋಸೋಮ್ ಒಗ್ಗಿದವರಿಗೆ ಲಿಂಕೇಜ್ ಒಗ್ಗಲ್ವಾ?

ಮರು:
> ಲಿಂಕೇಜ್ ಕೂಡ ಹಾಗೇ ಇರಲಿ

ಒಪ್ಪುವುದಿಲ್ಲ. ಕ್ರೋಮೋಸೋಮ್ ಒಂದು ವಸ್ತುವಿನ ಹೆಸರು, ಬರಲಿ. ಜೊತೆಯಾಗಿ ಹೋಗುವುದು, ಅಗಲುವುದು ನಡೆಗಳು. ಅವಕ್ಕೆ ನಮ್ಮಲ್ಲೇ ಮಾತಿದೆ. ಇದ್ದ ಮಾತನ್ನು ಬಿಟ್ಟು ಎರವಲು ತಂದರೆ ಇದ್ದದ್ದೂ ಬಳಕೆ ತಪ್ಪುತ್ತದೆ.

ಮರು:
ಹಾಗಾದರೆ ‘ನಕ್ಷೆ’? ಅದರ ಮೂಲ ಅರಬ್ಬಿ. ಅದನ್ನು ಇಲ್ಲಿ ಯಾರೂ ಪ್ರಶ್ನಿಸಲಿಲ್ಲ. ಹಳೆಯ ಎರವಲಾದರೆ ನಮ್ಮದು, ಹೊಸದಾದರೆ ಹೊರಗಿನದು ಅನ್ನುವುದು ನಿಯಮವೇ ಅಲ್ಲ.

ಮರು:
ಎಲ್ಲರಿಗೂ ಧನ್ಯವಾದ. ತಲೆಬರಹ ‘ಒಡನಂಟಿನ ನಕ್ಷೆ’, ಅದರ ಕೆಳಗೆ ಚಿಕ್ಕದಾಗಿ ಲಿಂಕೇಜ್ ಮ್ಯಾಪ್. ಅಳತೆಗೆ ದೂರ. ಚಿತ್ರದ ಅಡಿಸಾಲು ಹೀಗಿದೆ: “ಹೆಚ್ಚು ಸಲ ಅಗಲುವ ಜೀನುಗಳು ದೂರ, ಅಪರೂಪಕ್ಕೆ ಅಗಲುವವು ಹತ್ತಿರ.” ‘ಅಗಲು’ ಅಲ್ಲಿ ಉಳಿಯಿತು ಸರ್. ಕಾಗುಣಿತ ತಪ್ಪಿದ್ದರೆ ರಾತ್ರಿಯೊಳಗೆ ತಿಳಿಸಿ.