ಮಗನ ತೂಕಕ್ಕೂ ಓದಿನ ಗಮನಕ್ಕೂ ಸಂಬಂಧ ಇದೆಯಾ?

ಪ್ರಶ್ನೆ (ಶಿರಸಿ): ಮಗನಿಗೆ 7 ವರ್ಷ, ಎತ್ತರ 120 ಸೆಂ.ಮೀ., ತೂಕ 30 ಕೆ.ಜಿ. ತರಗತಿಯಲ್ಲಿ ಗಮನ ನಿಲ್ಲುವುದಿಲ್ಲವಂತೆ. ದಪ್ಪ ಇದ್ದರೆ ಬುದ್ಧಿ ಮಂದವಾಗುತ್ತದಾ? ಒಂದೆಲಗದ ತಂಬುಳಿ ದಿನಾ ಕೊಡ್ತಾ ಇದ್ದೇವೆ.

ಉತ್ತರ 1: ಮೊದಲು ಬಿಎಂಐ ಲೆಕ್ಕ, ಅಂದರೆ ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸುವುದು. 30 ÷ (1.2 × 1.2) = 20.8. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ವಯಸ್ಸಿನ ಹುಡುಗರಿಗೆ 19 ದಾಟಿದರೆ ಬೊಜ್ಜು. ದೊಡ್ಡವರಿಗೆ ತೂಕ ಹೆಚ್ಚು ಎನ್ನುವ 25ರ ಗೆರೆ ಮಕ್ಕಳಿಗೆ ಹಿಡಿಯಬೇಡಿ.

ಉತ್ತರ 2: ಬುದ್ಧಿ ಮಂದ ಅನ್ನೋದು ತಪ್ಪು. ಬೊಜ್ಜಿರುವ ಮಕ್ಕಳಲ್ಲಿ ಗಮನ, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಸರಾಸರಿ ತುಸು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಯಾವುದರಿಂದ ಯಾವುದು ಎಂಬುದು ತೀರ್ಮಾನವಾಗಿಲ್ಲ. ನೀವು ನೋಡಬೇಕಾದ್ದು ರಾತ್ರಿ. ಗೊರಕೆ, ಬಾಯಿ ತೆರೆದು ನಿದ್ದೆ, ನಡುವೆ ಉಸಿರು ಕಟ್ಟಿದಂತಾಗುವುದು ಇದೆಯಾ? ಮೊಬೈಲಲ್ಲಿ ವಿಡಿಯೊ ಮಾಡಿ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಉಬ್ಬಿ ನಿದ್ದೆ ಕೆಟ್ಟ ಮಕ್ಕಳು ಹಗಲಲ್ಲಿ ತೂಕಡಿಸುವುದಕ್ಕಿಂತ ಚಡಪಡಿಸುವುದೇ ಹೆಚ್ಚು. ಅದಕ್ಕೆ ತಂಬುಳಿ ಮದ್ದಲ್ಲ (ರುಚಿಗೆ ಉಣ್ಣಲಿ ಬಿಡಿ). ಹಿಮೊಗ್ಲೋಬಿನ್ನೂ ನೋಡಿಸಿ: 11.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ದಪ್ಪ ಮಕ್ಕಳಿಗೂ ಬರುತ್ತದೆ, ಗಮನ ಕೆಡಿಸುತ್ತದೆ.

ಉತ್ತರ 3: ಊಟ ಬಿಡಿಸಬೇಡಿ. ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾನೆ; ತೂಕ 30ರಲ್ಲೇ ನಿಂತರೆ ಮುಂದಿನ ವರ್ಷ ಆ ಲೆಕ್ಕ 19ರ ಆಸುಪಾಸಿಗೆ ಇಳಿಯುತ್ತದೆ. ಬೆಲ್ಲ ಸುರಿದ ಕಷಾಯ, ಬೇಕರಿ ತಿಂಡಿ ಮೊದಲು ಕಡಿಮೆ ಮಾಡಿ. ದಿನಕ್ಕೆ 1 ಗಂಟೆ ಬೆವರುವ ಆಟ, ಕನಿಷ್ಠ 9 ಗಂಟೆ ನಿದ್ದೆ. ಮಳೆಗಾಲದಲ್ಲಿ ಜಗುಲಿ ಮೇಲೆ ಹಗ್ಗದಾಟವೂ ನಡೆಯುತ್ತದೆ.